ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ

ನಾನು ಒಂದು ಕಾರಿನ ಟಯರು. ವೇಗದ ಕಾರುಗಳಿಗೆಂದೇ ಮಾಡಿದ, ಅಗಲ ಮೈಯ, ಮೆದು ರಬ್ಬರಿನ ಟಯರು. ಕಪ್ಪು ಹಿಟ್ಟಿನ ಹಾಗೆ ನನ್ನನ್ನು ನಾದಿದರು, ಉಕ್ಕಿನ ನೂಲಿನ ಮೇಲೆ ಸುತ್ತಿದರು, ಅಚ್ಚಿನ ಬಿಸಿ ಕತ್ತಲಲ್ಲಿ ಬೇಯಿಸಿದರು. ಹೊರಗೆ ಬಂದಾಗ ಮೈತುಂಬ ರಬ್ಬರಿನ ಸಣ್ಣ ಕೂದಲಿತ್ತು. ಕೆಲಸದವನೊಬ್ಬ ಬೆರಳಿಟ್ಟು ಒತ್ತಿ ನೋಡಿದ. ಆ ಬೆರಳನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಹಿಡಿದುಕೊಳ್ಳುವುದೇ ನನ್ನ ಸ್ವಭಾವವೆಂದು ಅಂದೇ ತಿಳಿಯಿತು.

ಜೊತೆಯಲ್ಲಿ ಹುಟ್ಟಿದ ಮೂವರೊಂದಿಗೆ ಮಣಿಪಾಲದ ಒಬ್ಬ ಹಲ್ಲಿನ ಡಾಕ್ಟರರ ಕಾರು ಸೇರಿದೆ. ಕೆಳಗೆ ನಿಂಬೆಹಣ್ಣಿಟ್ಟು ಕಾರನ್ನು ಮುಂದೆ ಬಿಟ್ಟರು. ಈ ಲೋಕದ ಮೊದಲ ರುಚಿ ನನಗೆ ಹುಳಿ.

ಮನುಷ್ಯರನ್ನು ನಾವು ಕಾಲಿನಿಂದ ಗುರುತಿಸುತ್ತೇವೆ. ಡಾಕ್ಟರರದು ಹೊಳೆಯುವ ಬೂಟು. ನಾವು ಓಡುವಾಗ ಗುಂಯ್ ಎನ್ನುವುದು ಅವರಿಗೆ ಸರಿಬರಲಿಲ್ಲ. ಮೈಯ ಗೆರೆಗಳು ಮಾಸುವ ಮೊದಲೇ ನಮ್ಮನ್ನು ಬಿಚ್ಚಿಸಿದರು. ಉಡುಪಿಯಲ್ಲಿ ಹಳೆ ಟಯರು ಮಾರುವ ಹಸನಬ್ಬನವರ ಅಂಗಡಿಯ ಮುಂದೆ ಒಬ್ಬರ ಮೇಲೊಬ್ಬರು ಮಲಗಿದೆವು.

ಅಲ್ಲಿಗೆ ನೀಲಿ ಹವಾಯಿ ಚಪ್ಪಲಿಯ ಕಾಲೆರಡು ಬರತೊಡಗಿದವು. ಡೀಸೆಲಿನ ವಾಸನೆಯ ಕಾಲುಗಳು. ಮಲ್ಪೆಯ ರಿತೇಶ ಕುಂದರ್, ಆಳಸಮುದ್ರಕ್ಕೆ ಹೋಗುವ ಬೋಟಿನ ಎಂಜಿನ್ ನೋಡಿಕೊಳ್ಳುವವನು. ಬಂದಾಗಲೆಲ್ಲ ನನ್ನ ಮೈಗೆ ಉಗುರು ಒತ್ತಿ, ಅದರ ಗುರುತು ನಿಧಾನವಾಗಿ ಮಾಯವಾಗುವುದನ್ನು ನೋಡಿ, ರೇಟು ಕೇಳಿ, ಹೋಗುತ್ತಿದ್ದ. ಮಂಗಳೂರಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರಿನ ಓಟದಲ್ಲಿ ಒಂದು ಸಲ ಓಡಬೇಕೆಂಬುದು ಅವನ ಆಸೆ. ಅದಕ್ಕಾಗಿ ಹಳೆಯ ಹಳದಿ ಕಾರೊಂದನ್ನು ಕೈಯಾರೆ ಬಿಚ್ಚಿ ಕಟ್ಟಿದ್ದ.

"ಇದು ನಯ ರಸ್ತೆಯ ಟಯರು ಮಾರಾಯ. ನಿಮ್ಮ ಮಲ್ಪೆಯ ಹೊಯ್ಗೆ ಮರಳಲ್ಲಿ ಬೇಗ ಸವೀತದೆ," ಎಂದರು ಹಸನಬ್ಬ.

"ನನಗೆ ಒಂದು ದಿವಸ ಓಡಿದರೆ ಸಾಕು ಕಾಕ."

ಕೊನೆಗೆ ರೇಟು ಇಳಿಸಿದ್ದು ಅವನ ಮಾತಲ್ಲ, ಅವನು ತಂದ ಮೊಳದುದ್ದದ ಅಂಜಲ್ ಮೀನು. ಚಕ್ರದ ಸಮೇತ ನಾಲ್ವರೂ ಅವನ ಪಾಲಾದೆವು. ಇಷ್ಟು ಅಗ್ಗಕ್ಕೆ ಇಂಥ ಟಯರು ಯಾರಿಗೂ ಸಿಕ್ಕಿರಲಿಕ್ಕಿಲ್ಲವೆಂದು ದಾರಿಯುದ್ದಕ್ಕೂ ತನ್ನಷ್ಟಕ್ಕೇ ಹೇಳಿಕೊಂಡ.

ಮನೆಯಲ್ಲಿ ಮತ್ತೆರಡು ಜೊತೆ ಕಾಲುಗಳಿದ್ದವು. ಬಿರುಕುಬಿಟ್ಟ ಹಿಮ್ಮಡಿಯವು ಮೀನು ಮಾರುವ ತಾಯಿ ಬೇಬಿಯಕ್ಕನವು. ತೆಳ್ಳಗಿನ ಬೆಳ್ಳಿ ಕಾಲುಂಗುರದವು ಹೆಂಡತಿ ಸುಪ್ರಭಾಳವು.

"ಬೇಗ ಸವೆಯುವುದನ್ನು ಯಾರಾದರೂ ದುಡ್ಡು ಕೊಟ್ಟು ತರ್ತಾರಾ?" ಎಂದಳು ಸುಪ್ರಭಾ.

"ಮೆದು ಇದ್ದದ್ದೇ ಹಿಡಿಯೋದು ಮಾರಾಯ್ತಿ. ಗಟ್ಟಿ ಇದ್ದದ್ದು ಜಾರ್ತದೆ," ಎಂದ.

ಸಂಜೆಗಳಲ್ಲಿ ಅವನು ಅವಳಿಗೆ ಕಡಲ ಬದಿಯ ರಸ್ತೆಯಲ್ಲಿ ಕಾರು ಕಲಿಸಿದ. ಅವಳ ಕೈಯಲ್ಲಿ ನಾವು ಹಾವಿನ ಹಾಗೆ ಹೋಗುತ್ತಿದ್ದೆವು. ಅವನು ನಗುತ್ತಿದ್ದ. ಅಲೆಯ ಸದ್ದು ಯಾವುದು, ನನ್ನ ಸದ್ದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ.

ಸಮುದ್ರಕ್ಕೆ ಹೋಗುವಾಗ ಚಪ್ಪಲಿಯನ್ನು ಶೆಡ್ಡಿನಲ್ಲಿ ನನ್ನ ಪಕ್ಕ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದ. ಪ್ರತಿ ಸಲವೂ ಹೇಳುವ ಮಾತು ಒಂದೇ. ಟಯರು ಒಂದೇ ಕಡೆ ಕೂತರೆ ಚಪ್ಪಟೆಯಾಗುತ್ತದೆ, ಭಾನುವಾರಕ್ಕೊಮ್ಮೆ ಕಾರನ್ನು ಒಂದು ಗೇಣು ತಳ್ಳಿಡಿ.

ಓಟಕ್ಕೆ ಹೆಸರು ಕೊಟ್ಟ ವರ್ಷ, ಮಳೆಗಾಲ ಮುಗಿದ ಮೇಲಿನ ಮೊದಲ ಸುತ್ತಿನ ಮೀನು ಹಿಡಿಯಲು ಸಮುದ್ರಕ್ಕೆ ಹೋದ. ಬೋಟು ಬಂತು. ಅವನು ಬರಲಿಲ್ಲ. ಅಂಗಳದ ತುಂಬ ಗುರುತಿಲ್ಲದ ಕಾಲುಗಳು ಬಂದು ನಿಂತು ಹೋದವು. ನೀಲಿ ಚಪ್ಪಲಿ ನನ್ನ ಪಕ್ಕದಲ್ಲೇ ಇತ್ತು.

ಆ ಭಾನುವಾರವೂ ಅತ್ತೆ ಸೊಸೆ ಶೆಡ್ಡಿಗೆ ಬಂದರು. ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ ನಿಂತು, ಕಾರನ್ನು ಒಂದು ಗೇಣು ತಳ್ಳಿದರು. ಮುಂದೆ ಗೋಡೆ, ಹಿಂದೆ ಬಲೆಯ ರಾಶಿ. ಹಾಗಾಗಿ ಮುಂದಿನ ವಾರ ಒಂದು ಗೇಣು ಹಿಂದಕ್ಕೆ. ಮತ್ತೆ ಮುಂದಕ್ಕೆ. ಕಾಲುಂಗುರವಿಲ್ಲದ ಕಾಲು, ಬಿರುಕಿನ ಕಾಲು. ಹಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲು ನನ್ನ ಮೇಲೆ ಏರಿ ಇಳಿಯುತ್ತಿತ್ತು. ನಾನು ಓಡುತ್ತಿದ್ದೇನೆಂದು ಎಷ್ಟೋ ಸಲ ಅನಿಸುತ್ತಿತ್ತು. ನೋಡಿದರೆ ಅದೇ ಗೋಡೆ.

ಎರಡು ಮಳೆಗಾಲ ಕಳೆದ ಮೇಲೆ ಸುಪ್ರಭಾ ಹಸನಬ್ಬನವರಿಗೆ ಫೋನು ಮಾಡಿದಳು. ಅವನು ಆಸೆಪಟ್ಟು ತಂದದ್ದು ಶೆಡ್ಡಿನಲ್ಲಿ ಕೊಳೆಯುವುದು ಬೇಡ, ರಬ್ಬರು ಚೆನ್ನಾಗಿರುವಾಗಲೇ ಯಾರ ಕಾರಿಗಾದರೂ ಹೋಗಿ ಓಡಲಿ ಎಂದಳು.  ಆ ವಾರ ಬೇಬಿಯಕ್ಕ ಒಬ್ಬಳೇ ಬಂದು ನನ್ನ ಮೈಯ ಧೂಳು ಒರೆಸಿದಳು.

ಹಸನಬ್ಬ ಬಂದು ಕಾರನ್ನು ಜಾಕಿನಲ್ಲಿ ಎತ್ತಿದರು. ನನ್ನನ್ನು ತಿರುಗಿಸುತ್ತ ಅಂಗೈ ಸವರಿದರು. ಒಂದು ಕಡೆ ಕೈ ನಿಂತಿತು. ಒಂದು ಗೇಣು ಆಚೆ ಮತ್ತೆ ನಿಂತಿತು.

"ಎರಡು ಕಡೆ ಕೂತು ಚಪ್ಪಟೆಯಾಗಿದೆಯಲ್ಲ ತಂಗಿ. ಓಡುವಾಗ ಹೊಡೀತದೆ. ಇದನ್ನು ತಗೊಂಡು ನಾನು ಯಾರಿಗೆ ಕೊಡ್ಲಿ?"

"ನಾವು ವಾರ ವಾರ ತಳ್ತಾ ಇದ್ದೆವು ಕಾಕ."

ಹೇಗೆ ಎಂದು ಕೇಳಿದರು. ಬೇಬಿಯಕ್ಕ ಗಾಳಿಯಲ್ಲಿ ಅಂಗೈಯಿಟ್ಟು ತೋರಿಸಿದಳು. ಮುಂದೆ, ಹಿಂದೆ. ಮತ್ತೆ ಅದೇ ಎರಡು ಜಾಗ. ತೋರಿಸುತ್ತಿದ್ದ ಕೈ ನಡುವೆಯೇ ನಿಂತಿತು. ಹಸನಬ್ಬ ತಲೆ ತಗ್ಗಿಸಿ ಜಾಕನ್ನು ಇಳಿಸತೊಡಗಿದರು.



"ಓಡ್ಲಿಕ್ಕೆ ಮಾಡಿದ್ದು ಇದು. ನಾವು ಕೂರಿಸಿದೆವು," ಎಂದಳು ಬೇಬಿಯಕ್ಕ. ಆಮೇಲೆ ಸೊಸೆಯ ಕಡೆ ತಿರುಗಿದಳು. "ಕೀ ಎಲ್ಲಿ ಉಂಟು?"

"ನನಗೆ ಮರೆತುಹೋಗಿದೆ ಮಾಮಿ."

"ಕೀಯಾ, ಕಾರು ಬಿಡ್ಲಿಕ್ಕಾ?"

ಸುಪ್ರಭಾ ಒಳಗೆ ಹೋಗಿ ಕೀ ತಂದಳು.

ಹಸನಬ್ಬ ಹಿಂದಿನ ಬಲೆಯ ರಾಶಿಯನ್ನು ಸರಿಸಿ, ನಮಗೆ ಗಾಳಿ ತುಂಬಿ, ತಮ್ಮ ಗಾಡಿಯ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನ್ ಎಬ್ಬಿಸಿದರು. ಬೇಬಿಯಕ್ಕ ಅಡಿಗೆಮನೆಯಿಂದ ನಿಂಬೆಹಣ್ಣು ತಂದು ಕೆಳಗಿಟ್ಟಳು. ಸುಪ್ರಭಾ ಬಗ್ಗಿ ನೀಲಿ ಚಪ್ಪಲಿಯನ್ನು ಎತ್ತಿಕೊಂಡಳು. ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕಾರಿನೊಳಗೆ, ಪಕ್ಕದ ಸೀಟಿನ ಕೆಳಗೆ ಇಟ್ಟಳು.

ಅತ್ತೆ ಸೊಸೆ ಇಬ್ಬರೂ ಹತ್ತಿ ಕೂತರು. ಕಡಲ ಬದಿಯ ರಸ್ತೆ. ಸುತ್ತು ಸುತ್ತಿಗೂ ನಾನು ಟಪ್ ಟಪ್ ಎಂದು ಹೊಡೆದುಕೊಳ್ಳುತ್ತಿದ್ದೆ. ಹಾವಿನ ದಾರಿ ನಿಧಾನವಾಗಿ ನೇರವಾಯಿತು. ಮೈ ಬಿಸಿಯೇರಿದ ಹಾಗೆ ಹೊಡೆತ ಸಣ್ಣದಾಗುತ್ತ ಬಂತು. ಮೇಲೆ ಯಾರೋ ಅಳುತ್ತಿದ್ದರು. ಇಬ್ಬರಲ್ಲಿ ಯಾರೆಂದು ಕೆಳಗಿರುವ ನನಗೆ ತಿಳಿಯಲಿಲ್ಲ. ಕಾರು ನಿಲ್ಲಲಿಲ್ಲ.

ಓಟದ ಮೈದಾನವನ್ನು ನಾನು ನೋಡಲೇ ಇಲ್ಲ. ಮರುದಿನದಿಂದ ಬೇಬಿಯಕ್ಕನ ಬುಟ್ಟಿ ಕಾರಿನಲ್ಲಿ ಮಾರುಕಟ್ಟೆಗೆ ಹೋಯಿತು. "ರೇಸಿನ ಟಯರಲ್ಲಿ ಬಂದ ಬಂಗುಡೆ, ರೇಟು ಜಾಸ್ತಿ," ಎಂದು ಗಿರಾಕಿಗಳನ್ನು ಕೆಣಕುತ್ತಿದ್ದಳು. ಮೀನಿನ ನೀರು ತೊಟ್ಟಿಕ್ಕುತ್ತಿತ್ತು. ಹಸನಬ್ಬ ಹೇಳಿದ ಹಾಗೆಯೇ ಬೇಗ ಸವೆದೆ. ಹಿಡಿದ ರಸ್ತೆಗೆಲ್ಲ ನನ್ನದೊಂದಿಷ್ಟು ಅಂಟಿಸಿ ಬಂದೆ.

ಈಗ ನಾನು ಮಲ್ಪೆ ಬಂದರಿನಲ್ಲಿ, ಒಂದು ಬೋಟಿನ ಮಗ್ಗುಲಿಗೆ ಕಟ್ಟಿದ ಹಗ್ಗದಲ್ಲಿ ತೂಗುತ್ತಿದ್ದೇನೆ. ಬೋಟು ದಕ್ಕೆಯ ಕಟ್ಟೆಗೆ ತಾಗಿ ಒಡೆಯದಂತೆ ನಡುವೆ ನಿಲ್ಲುವ ಕೆಲಸ. ಗಂಟು ಹಾಕಿದವಳು ಸುಪ್ರಭಾ. ಮೈಯಲ್ಲಿ ಗೆರೆಗಳಿಲ್ಲ. ಉಪ್ಪು ಹತ್ತಿ ಬೆಳ್ಳಗಾಗಿದ್ದೇನೆ. ಆ ಎರಡು ಚಪ್ಪಟೆ ಜಾಗಗಳು ಮಾತ್ರ ಪೂರ್ತಿ ಹೋಗಿಲ್ಲ.

ನೀರು ಉಬ್ಬುವಾಗ ಸಮುದ್ರ ಬೋಟನ್ನು ಒಂದು ಗೇಣು ಮುಂದೆ ತಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಗೇಣು ಹಿಂದೆ. ಅರೆನಿದ್ದೆಯಲ್ಲಿ ನಾನು ಅದನ್ನು ಯಾರದೋ ಅಂಗೈ ಎಂದುಕೊಳ್ಳುತ್ತೇನೆ. ಇಂದು ಭಾನುವಾರವಿರಬೇಕು ಎಂದುಕೊಳ್ಳುತ್ತೇನೆ.