ಕೆಂಚಾರ್ಲಹಳ್ಳಿ ಶಾಲೆಯ ಸಮುದ್ರ

೧೯೬೧ನೇ ಇಸವಿ, ಮಾರ್ಗಶಿರ ಮಾಸ. ಬೆಳಗ್ಗೆ ರೇಷ್ಮೆ ಹುಳುಗಳಿಗೆ ಮೊದಲ ಸೊಪ್ಪು ಹಾಕುವ ಹೊತ್ತು. ಪಕ್ಕದ ಮನೆಯ ಓಬಳಮ್ಮ ಆರು ವರ್ಷದ ಮೊಮ್ಮಗಳು ಅಮ್ಮಾಜಿಗೆ, "ಇನ್ನು ಇಸ್ಕೂಲು ಸಾಕು, ಸೊಪ್ಪು ಬಿಡಿಸಕ್ಕೆ ಬಾ" ಎಂದದ್ದು ನನ್ನ ಕಿವಿಗೆ ಬಿತ್ತು.

ಕಾರಣ ಇಷ್ಟೇ. ಒಂದನೇ ತರಗತಿಯ ಟೀಚರು ಅನಸೂಯಮ್ಮ ಮಕ್ಕಳ ಕೈಲಿ ಸಮುದ್ರ ಮಾಡಿಸುತ್ತಿದ್ದರು. ಬಟ್ಟೆಗೆ ಹಾಕುವ ನೀಲಿ ಬಳಿದ ಕಾಗದ ನೀರಾಯಿತು. ಕೆರೆಯ ಜೇಡಿಮಣ್ಣು ಬಂಡೆಯಾಯಿತು. ಚಿಟ್ಟೆ ಕೊರೆದು ಹೊರಬಂದ ರೇಷ್ಮೆಗೂಡು ಮೀನಾಯಿತು. ಆ ತೂತೇ ಅದರ ಬಾಯಿ. ಅಮ್ಮಾಜಿ ಮನೆಯಿಂದ ಅಂಥ ನಾಲ್ಕು ಗೂಡು ಒಯ್ದಿದ್ದಳು. ಅದೇ ವಾರ ಮನೆಯ ಹುಳುಗಳು ಹಳದಿ ತಿರುಗಿ ಸಾಯತೊಡಗಿದವು.

"ಹುಳ ಮೇಯುವಾಗ ಮನೆಯಿಂದ ಸುಣ್ಣ ಕೂಡ ಆಚೆ ಕೊಡಲ್ಲ ನಾವು. ಇವಳು ಗೂಡು ಕೊಟ್ಟವ್ಳೆ. ಅದೂ ಮೀನು ಮಾಡಕ್ಕೆ" ಎಂದಳು ಓಬಳಮ್ಮ.

"ತೂತುಗೂಡು ಕಣೇ. ನೂಲು ಬರಲ್ಲ, ಕಸಕ್ಕೆ ಹಾಕೋದು" ಎಂದೆ ನಾನು.

"ಗೂಡು ಗೂಡೇ, ಅಕ್ಕಯ್ಯಮ್ಮ."

ಮಗುವನ್ನು ಶಾಲೆಗೆ ಕಳಿಸು ಎಂದು ಮಂಗಳವಾರ ಹೇಳಿದೆ. ಬುಧವಾರ ಹೇಳಿದೆ. ಗುರುವಾರವೂ "ಗೂಡು ಗೂಡೇ" ಎಂದಳು. ಅವಳ ಮಗ ಮುನಿವೆಂಕಟಪ್ಪನನ್ನು ಕೇಳಿದರೆ, "ಅಮ್ಮ ಹೇಳ್ದಂಗೆ" ಎಂದು ಹೆಗಲ ಟವಲು ಕೊಡವಿಕೊಂಡು ಹೋದ. ಶುಕ್ರವಾರ ಅನಸೂಯಮ್ಮನೇ ಬಂದರು. ಹುಳಕ್ಕೆ ದೃಷ್ಟಿಯಾಗುತ್ತದೆಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಅತ್ತ ಶಾಲೆಯ ಗಂಟೆ ಹೊಡೆದಾಗಲೆಲ್ಲ ಮಗು ಸೊಪ್ಪು ಬಿಡಿಸುವುದು ಬಿಟ್ಟು ನಿಂತುಬಿಡುತ್ತಿತ್ತು. ನೋಡಿ ನೋಡಿ ನನಗೆ ಸಾಕಾಗಿತ್ತು.

ಶನಿವಾರ ಶಿಡ್ಲಘಟ್ಟದಿಂದ ಹಮೀದಾ ಬೇಗಂ ಬಂದರು. ಅವರ ಮನೆಯಲ್ಲಿ ನೂಲು ತೆಗೆಯುತ್ತಾರೆ, ನಮ್ಮೂರ ಗೂಡೆಲ್ಲ ಕೊಳ್ಳುವವರು ಅವರೇ. ಕೊಳ್ಳುವವರಿಂದ ದೃಷ್ಟಿಯಾಗುವುದಿಲ್ಲವಂತೆ. ಓಬಳಮ್ಮ ಒಳಗೇ ಕರೆದು ಮಣೆ ಹಾಕಿದಳು. ಗೂಡಿನ ವಿಷಯ ನಾನು ಮೊದಲೇ ಅವರ ಕಿವಿಗೆ ಹಾಕಿದ್ದೆ, ಜೊತೆಗೇ ಒಳಗೆ ಹೋದೆ.

"ಎಷ್ಟು ಮನೆ ಮಕ್ಕಳು ಗೂಡು ಕೊಟ್ರಮ್ಮ?" ಎಂದು ಅವರು ಕೇಳಿದರು.

"ಹನ್ನೊಂದು" ಎಂದೆ.

"ಮಿಕ್ಕ ಹತ್ತು ಮನೆ ಹುಳ ನೋಡ್ಕೊಂಡೇ ಬಂದೆ. ಚೆನ್ನಾಗವೆ." ಹೀಗೆಂದು ಸೊಪ್ಪಿನ ಬುಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿದರು. ತೆಗೆದರೆ ಕೈಯೆಲ್ಲ ನೀರು. "ಇಬ್ಬನಿ ಆರೋ ಮುಂಚೆ ಕೊಯ್ದು ಹಾಕ್ತೀರ. ಒದ್ದೆ ಸೊಪ್ಪು ಹುಳಕ್ಕೆ ಆಗಲ್ಲ. ಗೂಡಿನ ಮೀನೇನು ಮಾಡ್ತು, ಪಾಪ?"

ಸೊಪ್ಪು ಕೊಯ್ಯುವ ಮುನಿವೆಂಕಟಪ್ಪ ತಲೆ ತಗ್ಗಿಸಿದ. ಓಬಳಮ್ಮ ಮಾತ್ರ ಬಿಡಲಿಲ್ಲ.

"ಆಗ್ಲಿ ಹಮೀದಮ್ಮ, ಗೂಡಿನ ತಪ್ಪಿಲ್ಲ. ಆದ್ರೆ ಸಮುದ್ರ ಕಟ್ಕೊಂಡು ನಮ್ಗೇನಾಗಬೇಕು? ನಮ್ಮೂರಾಗೆ ಯಾರು ನೋಡವ್ರೆ ಅದನ್ನ?"

ಹೊರಗಿನವರು ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದ ಅಮ್ಮಾಜಿ ಬುಟ್ಟಿಯ ಪಕ್ಕದಿಂದ, "ನೋಡಿಲ್ಲ. ಆದ್ರೆ ತಿಂದಿದೀಯ, ಅಜ್ಜಿ" ಎಂದಳು.

"ಏನೇ ಅದು?"

"ಉಪ್ಪು. ಎಲ್ಲಿಂದ ಬರ್ತದೆ ಹೇಳು."

"ಚಿಂತಾಮಣಿ ಸಂತೆಯಿಂದ."

"ಸಂತೆಗೆ ಎಲ್ಲಿಂದ?"

ಓಬಳಮ್ಮ ಮಗನ ಮುಖ ನೋಡಿದಳು. ಮಗ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ.

"ಸಮುದ್ರದಿಂದ ಕಣಜ್ಜಿ. ರಾಗಿಗೆ ಕಟ್ಟೋ ಹಾಗೆ ಮಡಿ ಕಟ್ಟಿ ನೀರು ಬಿಡ್ತಾರೆ. ಬಿಸಿಲಿಗೆ ನೀರು ಹೋಗ್ತದೆ, ಉಪ್ಪು ಉಳೀತದೆ. ಮಣ್ಣಾಗೆ ಏಳು ಮಡಿ ಮಾಡಿದೀನಿ ನಾನು. ಇನ್ನೂ ಮುಗಿದಿಲ್ಲ."

ಓಬಳಮ್ಮ ನನ್ನ ಕಡೆ ತಿರುಗಿ, "ಅರವತ್ತು ವರ್ಷ ಉಪ್ಪು ತಿಂದೆ. ಒಂದಿನಾನಾದ್ರೂ ಹೇಳಿದ್ಯೇನೇ ನೀನು?" ಎಂದು ನನ್ನನ್ನೇ ಗದರಿದಳು.

"ನಂಗೂ ಗೊತ್ತಿರಲಿಲ್ವಲ್ಲೇ" ಎಂದೆ.

"ಹಂಗಾದ್ರೆ ಇವಳಾದ್ರೂ ಮುಗಿಸ್ಲಿ" ಎಂದಳು.

ಇದನ್ನು ಓದುವ, ಕೇಳುವ ತಾಯಂದಿರೇ, ಅಜ್ಜಿಯರೇ, ಮಗು ಅಂಟು ಮೆತ್ತಿದ ಕೈಯಲ್ಲಿ ಶಾಲೆಯಿಂದ ಬಂದರೆ ಬೈಯಬೇಡಿ. ಇವತ್ತು ಏನು ಮಾಡಿದೆ ಎಂದು ಕೂರಿಸಿಕೊಂಡು ಕೇಳಿ. ಹಳೆ ಕಾಗದ, ಚೂರು ಬಟ್ಟೆ, ತೂತುಗೂಡು ಇದ್ದರೆ ಎಸೆಯದೆ ಟೀಚರಿಗೆ ಕಳಿಸಿ. ಕೊಯ್ಲಿರಲಿ, ಹುಳುವಿರಲಿ, ಎಳೆ ಮಕ್ಕಳ ಶಾಲೆ ಬಿಡಿಸಬೇಡಿ. ನನ್ನಂತೆ ಒಂದು ವಾರ ಹೇಳಿ ಹೇಳಿ ಬಾಯಿ ಒಣಗಿಸಿಕೊಳ್ಳುವ ನೆರೆಯವಳು ಎಲ್ಲರಿಗೂ ಸಿಗುವುದಿಲ್ಲ.

ಸೋಮವಾರ ಬೆಳಗ್ಗೆ ಅಮ್ಮಾಜಿ ಶಾಲೆಗೆ ಹೊರಟಳು. ಸೊಪ್ಪು ಬಿಡಿಸಲು ಓಬಳಮ್ಮ ಒಬ್ಬಳೇ ಹೋದಳು.