ಹಿತ್ತಿಲ ಬಾಗಿಲು ತೆರೆದಿದ್ದ ಕಂಪ್ಯೂಟರ್

ಗೌರಿಬಿದನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮುರಳಿಮೋಹನ್‌ಗೆ ಆ ದಿನ ತಲೆಬುಡ ಒಂದೂ ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ಫೋಟೋಗಳ ಹೆಸರೆಲ್ಲ ಇವೆ, ಒತ್ತಿದರೆ ಒಂದೂ ತೆರೆಯುತ್ತಿಲ್ಲ! ತೊಂಡೇಬಾವಿಯ ಗಂಗುಲಮ್ಮ ಎದುರಿಗೇ ಕುಳಿತಿದ್ದರು. ಅವರ ಅತ್ತೆ ಮೊನ್ನೆ ತೀರಿಕೊಂಡಿದ್ದರು. ಮಗಳ ಮದುವೆಯಲ್ಲಿ ಮುರಳಿಮೋಹನ್ ತೆಗೆದಿದ್ದ, ಇನ್ನೂ ಪ್ರಿಂಟ್ ಹಾಕಿರದ ಅತ್ತೆಯ ಫೋಟೋ ತಿಥಿಗೆ ದೊಡ್ಡದು ಮಾಡಿಸಬೇಕಿತ್ತು. ಆ ಮುದುಕಿಯದು ಬೇರೆ ಫೋಟೋನೇ ಇರಲಿಲ್ಲ.

ಮಹಡಿಯ ಮೇಲೆ ಕಂಪ್ಯೂಟರ್ ಕಲಿಸುವ ತನುಜ ಕರೆದ ಕೂಡಲೇ ಬಂದರು.

"ವೈರಸ್ ಬಂದಿದೆ ಅಣ್ಣ. ಫೋಟೋಗಳನ್ನೆಲ್ಲ ಕೆಡಿಸಿ ಹಾಕಿದೆ."

"ಹೆಂಗಮ್ಮ ಬರುತ್ತೆ? ಶಟರ್‌ಗೆ ಎರಡು ಬೀಗ. ಕಂಪ್ಯೂಟರ್‌ಗೆ ಪಾಸ್‌ವರ್ಡು!"

ತನುಜ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದರು. ಪಾಸ್‌ವರ್ಡ್ ಕೇಳಿತು. ಏನನ್ನೂ ಹಾಕದೆ 'ಕ್ಯಾನ್ಸಲ್' ಒತ್ತಿದರು. ಕಂಪ್ಯೂಟರ್ ಹಾಯಾಗಿ ತೆರೆದುಕೊಂಡಿತು.

"ಅಯ್ಯೋ, ಇದೇನಮ್ಮ ಇದು!"

"ಇದು ವಿಂಡೋಸ್ 98, ಇಷ್ಟೇ ಇದರ ಕಾವಲು. ಪಕ್ಕದ ಲ್ಯಾಮಿನೇಷನ್ ಅಂಗಡಿ ಬಯ್ಯಪ್ಪ ಫೋಟೋ ತಗೊಳ್ಲಿ ಅಂತ ವೈರ್ ಎಳೆದು ಶೇರಿಂಗ್ ಕೊಟ್ಟಿದ್ದೀರಲ್ಲ, ಅದಕ್ಕಂತೂ ಪಾಸ್‌ವರ್ಡೇ ಇಲ್ಲ. ಆಮೇಲೆ ಇಂಟರ್ನೆಟ್ಟೂ ಹಾಕಿಸಿದ್ರಿ."

"ಬಯ್ಯಪ್ಪಂಗೆ ಕೊಟ್ಟಿದ್ದಕ್ಕೂ ಇಂಟರ್ನೆಟ್‌ಗೂ ಏನಮ್ಮ ಸಂಬಂಧ? ನಂಗೊಂದೂ ಅರ್ಥ ಆಗ್ತಿಲ್ಲ."

"ಪಕ್ಕದ ಮನೆಯವ್ರು ಬರ್ಲಿ ಅಂತ ಹಿತ್ತಿಲ ಬಾಗಿಲು ತೆಗೆದಿಟ್ಟಿದ್ರಿ. ಈಗ ಅದರ ಮುಂದೆನೇ ಮೇನ್ ರೋಡ್ ಬಂದಿದೆ. ಯಾರು ಬೇಕಾದ್ರೂ ನುಗ್ತಾರೆ. ಈ ವಿಂಡೋಸ್‌ನಲ್ಲಿ ತೂತು ಸಿಕ್ಕಿದ್ರೆ ಕಂಪನಿಯವರು ಮುಚ್ಚೋದೂ ನಿಲ್ಲಿಸಿದ್ದಾರೆ."

"ಚೆನ್ನಾಗೇ ಓಡ್ತಿತ್ತಲ್ಲಮ್ಮ..."

"ಓಡೋದು ಬೇರೆ, ಕಾಯೋದು ಬೇರೆ ಅಣ್ಣ. ಸಿ.ಡಿ.ಗೆ ಹಾಕಿಟ್ಟಿದ್ದೀರಾ?"

ಇಲ್ಲ. ಕ್ಯಾಮೆರಾದಲ್ಲಿದ್ದುದನ್ನೂ ಅಳಿಸಿಯಾಗಿತ್ತು.

ಅಷ್ಟು ಹೊತ್ತೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಗಂಗುಲಮ್ಮ ಆಗ ಬಾಯಿಬಿಟ್ಟರು. "ನುಗ್ಗಿದೋನು ಯಾವ ಊರೋನಪ್ಪ? ಹೇಳು, ನಾನೇ ಹೋಗಿ ಕೈ ಮುಗಿದು ಕೇಳ್ತೀನಿ. ಮಿಕ್ಕಿದ್ದೆಲ್ಲ ಅವ್ನೇ ಇಟ್ಕೊಳ್ಲಿ. ನಮ್ಮತ್ತೇದು ಒಂದು ಕೊಡ್ಲಿ."

ವೈರಸ್ಸಿಗೆ ಊರೆಲ್ಲಿದೆ? ಮುರಳಿಮೋಹನ್ ಎದ್ದು ಇಂಟರ್ನೆಟ್ ವೈರ್ ಕಿತ್ತು ಹಾಕಿದರು. "ಹೊಸ ವಿಂಡೋಸ್ ಹಾಕ್ಸೋವರ್ಗೂ ಇದು ಬೇಡಮ್ಮ" ಎಂದರು. ಬುದ್ಧಿ ಬಂತು, ಫೋಟೋ ಬರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಯ, ಶಾಲೆಯ, ಸಂಘದ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ? ತಿಳಿಯದಿದ್ದರೆ ನಾಚಿಕೆ ಬೇಡ, ತಿಳಿದವರನ್ನು ಇಂದೇ ಕೇಳಿ. ಹಳೆಯದಾಗಿದ್ದರೆ ಇಂಟರ್ನೆಟ್‌ನಿಂದ ಬಿಡಿಸಿಡಿ. ಮುಖ್ಯವಾದುದನ್ನೆಲ್ಲ ಸಿ.ಡಿ.ಗೆ ಹಾಕಿಕೊಳ್ಳಿ. ಗಂಗುಲಮ್ಮ ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಆ ಪ್ರಶ್ನೆ ನಿಮ್ಮ ಮುಂದೆ ಬಂದು ಕೂರುವ ಮೊದಲೇ ಬಾಗಿಲು ಹಾಕಿ.