ಗುಡುಗಿನ ಜೇಬಿನಲ್ಲಿ ಐದು ನಿಮಿಷ

ಆ ದಿನ ಬೆಳಿಗ್ಗೆ ಎಂಥ ಮಂಜು ಕವಿದಿತ್ತೆಂದರೆ, ಸಭಾಭವನದ ಗುಮ್ಮಟವೇ ಕಾಣುತ್ತಿರಲಿಲ್ಲ. ಅದು ಕಾಣದಿದ್ದರೂ ಊರು ಎಂದಿನಂತೆ ನಡೆಯಿತು. ಹಾಲಿನವನು ಹಾಲು ಹಾಕಿದ, ಕಸದವನು ಕಸ ಒಯ್ದ. ಭಗವಂತ ಆಗಾಗ ಇಂಥ ಸಣ್ಣ ಪಾಠ ಹೇಳಿಕೊಡುತ್ತಾನೆ. ಶಾಸಕರು ಆ ಹೊತ್ತಿಗೆ ಎದ್ದಿರುವುದಿಲ್ಲ, ಅಷ್ಟೆ.

ನಮ್ಮ ಶಾಸಕರು ಮಾತ್ರ ಅಂದು ಎದ್ದಿದ್ದರು. ಮೂರು ಸಲ ಗೆದ್ದು, ಹದಿನೈದು ವರ್ಷ ಸದನದಲ್ಲಿ ಕೂತ ಈ ಪುಣ್ಯಾತ್ಮ ಅಲ್ಲಿ ಆಕಳಿಸುವುದಕ್ಕಲ್ಲದೆ ಬಾಯಿ ತೆರೆದವರಲ್ಲ. ಜನ ‘ಮೌನಿ’ ಎಂದೇ ಕರೆಯುತ್ತಿದ್ದರು. ಕಾರಣ ವೈರಾಗ್ಯವಲ್ಲ, ಒಂದು ಚೀಟಿ. ಚರ್ಚೆಯಲ್ಲಿ ಪ್ರತಿ ಸದಸ್ಯನಿಗೂ ಐದು ನಿಮಿಷ. ಬೇಡವಾದವರು ಚೀಟಿಗೆ ಸಹಿ ಹಾಕಿ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಮೌನಿಯ ನಿಮಿಷಗಳೆಲ್ಲ ಪಕ್ಕದ ಆಸನದ ‘ಗುಡುಗು’ ಸಾಹೇಬರ ಪಾಲಾಗುತ್ತಿದ್ದವು. ದೇವರು ತಲೆಗೊಂದೇ ಬಾಯಿ ಕೊಟ್ಟದ್ದು ಗುಡುಗಿಗೆ ಸಾಲುತ್ತಿರಲಿಲ್ಲ.

ಅಂದು ಚುನಾವಣೆಗೆ ಮುಂಚಿನ ಕೊನೆಯ ಅಧಿವೇಶನದ ಕಡೇ ದಿನ. ಮುಂದಿನ ಸಲ ಟಿಕೆಟ್ ಇಲ್ಲವೆಂದು ಪಕ್ಷ ಆಗಲೇ ಹೇಳಿಯಾಗಿತ್ತು. ಇವತ್ತು ಆಡದ ಮಾತು ಇನ್ನು ಎಂದೂ ಇಲ್ಲ. ಆಡಬೇಕಾದದ್ದೂ ಒಂದೇ: ಕ್ಷೇತ್ರದ ಆಸ್ಪತ್ರೆಯ ಓಡದ ಲಿಫ್ಟು.

“ಈ ದಾರ ಪೋಣಿಸಿಕೊಡು,” ಎಂದಳು ಅಕ್ಕ. ಅವಳು ದರ್ಜಿ, ತಮ್ಮನ ಅಂಗಿಗೆ ಗುಂಡಿ ಹಾಕುತ್ತಿದ್ದಳು. “ಕಣ್ಣು ಮಂಜಾಗಿದೆ, ಕಿವಿ ಸರಿ ಇದೆ. ಇವತ್ತು ಗ್ಯಾಲರೀಲಿ ಕೂತು ಕೇಳ್ತೀನಿ. ಮೂರು ಸಲ ಮನೆ ಮನೆ ತಿರುಗಿ ವೋಟು ಕೇಳ್ದೋಳು ನಾನು. ಜನ ಏನಂತಾರೆ ಗೊತ್ತಾ? ನಿಮ್ಮ ತಮ್ಮನ ಬದ್ಲು ಅವನ ಫೋಟೊ ಕಳ್ಸಿದ್ರೂ ಆಗ್ತಿತ್ತು ಅಂತಾರೆ.”

“ಫೋಟೊಗೆ ಭತ್ಯೆ ಕೊಡಲ್ಲ ಅಕ್ಕ.”

“ತಲೆಹರಟೆಗೇನೂ ಕಡಿಮೆಯಿಲ್ಲ. ಅದನ್ನ ಅಲ್ಲಿ ಆಡು.”

ಸಭಾಭವನದ ಮೊಗಸಾಲೆಗೆ ಬರುವಾಗ ಮೌನಿಯವರ ತುಟಿ ಅಲ್ಲಾಡುತ್ತಿತ್ತು. ಭಾಷಣವನ್ನು ಜಪದಂತೆ ಒಪ್ಪಿಸಿಕೊಳ್ಳುತ್ತಿದ್ದರು. ಗುಮಾಸ್ತ ಎಂದಿನಂತೆ ಚೀಟಿ ಚಾಚಿದ. ನಿದ್ದೆಯಲ್ಲೇ ಸೊಳ್ಳೆ ಹೊಡೆಯುವ ಹಾಗೆ, ಅವರ ಕೈ ತನ್ನ ಪಾಡಿಗೆ ತಾನು ಸಹಿ ಹಾಕಿತು. ಮುಂದಕ್ಕೆ ನಡೆದರು.

ಆಸನದಲ್ಲಿ ಕೂತಾಗ ಗುಡುಗು ಸಾಹೇಬರು ಜೇಬು ತಟ್ಟಿದರು. “ನಿಮ್ಮ ಐದೂ ಬಂತಣ್ಣ. ಇವತ್ತು ಹತ್ತು ನಿಮಿಷ ಬಾರಿಸ್ತೀನಿ, ನೋಡ್ತಾ ಇರಿ.”

ಮೌನಿಯವರು ಆ ಜೇಬಿನತ್ತ ಕೈ ಚಾಚಿದರು. “ಅಯ್ಯೋ, ಅದು ಕೈತಪ್ಪಿ ಆದದ್ದು. ಇವತ್ತು ನಾನು ಮಾತಾಡ್ಬೇಕು, ವಾಪಸ್ ಕೊಡಿ.”

“ನೀವಾ?” ಗುಡುಗು ನಕ್ಕ ರಭಸಕ್ಕೆ ಹಿಂದಿನ ಸಾಲಿನಲ್ಲಿ ಮಲಗಿದ್ದ ಇಬ್ಬರು ಎದ್ದರು. “ಹದಿನೈದು ವರ್ಷ ಇಲ್ಲದ ಬಾಯಿ ಇವತ್ತು ಎಲ್ಲಿಂದ ಬಂತು? ಟೀವಿಯವರು ಬಂದಿದಾರಣ್ಣ, ಹತ್ತು ನಿಮಿಷಕ್ಕೆ ಬರೆಸ್ಕೊಂಡು ಬಂದಿದೀನಿ. ನಿಮ್ಮದೇನು ಹೇಳಿ, ಮಧ್ಯೆ ಎಲ್ಲಾದ್ರೂ ತುರುಕ್ತೀನಿ.”

ಮೌನಿ ತಮ್ಮ ಹಾಳೆಯನ್ನು ಅವರ ಮುಂದಿಟ್ಟರು. ಗುಡುಗು ಕನ್ನಡಕ ಏರಿಸಿ ಓದಿದರು: ‘ಹೆರಿಗೆ ನೋವಿನವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರನೇ ಮಹಡಿಗೆ ಹೊತ್ತೆವು. ಒಂದು ಕಡೆ ನಾನು ಹಿಡಿದಿದ್ದೆ, ಇನ್ನೊಂದು ಕಡೆ ನಮ್ಮಕ್ಕ. ಎರಡನೇ ಮಹಡಿಯ ಮೆಟ್ಟಿಲಿನಲ್ಲೇ ಮಗು ಹುಟ್ಟಿತು. ಅಳಲಿಲ್ಲ.’

ಕನ್ನಡಕ ತೆಗೆದು ಕೇಳಿದರು, “ಈ ಲಿಫ್ಟಿನ ಉದ್ಘಾಟನೆಗೆ ನಾನೂ ಬಂದಿದ್ದೆ, ಅಲ್ವಾ?”

“ಬಂದಿದ್ರಿ. ಮುಕ್ಕಾಲು ಗಂಟೆ ಭಾಷಣ ಮಾಡಿದ್ರಿ.”

“ಅವತ್ತು ಓಡ್ತಿತ್ತಲ್ಲ?”

“ನಿಮ್ಮ ಭಾಷಣ ಮುಗಿಯೋವರೆಗೂ ಓಡ್ತು. ಬಾಡಿಗೆ ಜನರೇಟರು. ನಿಮ್ಮ ಮೈಕಿಗೂ ಅದೇ. ಸಂಜೆ ಬಿಚ್ಕೊಂಡು ಹೋದ್ರು. ರಿಬ್ಬನ್ ಕತ್ತರಿಸಿದೋನು ನಾನೇ, ಮತ್ಯಾರ್ನ ಬೈಲಿ?”

ಅಷ್ಟರಲ್ಲಿ ಸಭಾಧ್ಯಕ್ಷರು ಗುಡುಗಿನ ಹೆಸರು ಕೂಗಿದರು. ಅವರು ಹಾಳೆ ಹಿಂದಿರುಗಿಸಿ ಎದ್ದರು, ಮೇಜು ಗುದ್ದಿದರು, ಬೆರಳು ಆಡಿಸಿದರು. ವಿರೋಧಿಗಳ ಮೂರು ತಲೆಮಾರು ಜಾಲಾಡಿದರು. ಟೀವಿಯವರು ಕ್ಯಾಮೆರಾ ಹತ್ತಿರ ತಂದರು. ಮೌನಿ ಕಣ್ಣೆತ್ತಿ ಗ್ಯಾಲರಿ ನೋಡಿದರು. ಅಲ್ಲಿ ಅಕ್ಕ ಕಟಕಟೆಯ ಮೇಲೆ ಬಾಗಿ, ಅಂಗೈಯನ್ನು ಕಿವಿಗೆ ಮರೆ ಹಿಡಿದು ಕೂತಿದ್ದಳು. ಮುಂದಿನ ಸರದಿ ತಮ್ಮನದೆಂದೇ ಅವಳ ನಂಬಿಕೆ. ಗುಡುಗೂ ಒಂದು ಗಳಿಗೆ ಅತ್ತಲೇ ನೋಡಿದರು.

ಗಂಟೆ ಬಡಿಯಿತು. ಐದು ನಿಮಿಷ ಮುಗಿದಿತ್ತು. ರೂಢಿಯಂತೆ ಗುಡುಗಿನ ಕೈ ಜೇಬಿಗೆ ಹೋಯಿತು.

“ಯಾರಾದರೂ ಬಿಟ್ಟುಕೊಟ್ಟ ಸಮಯ ಇದೆಯೇ?” ಎಂದರು ಸಭಾಧ್ಯಕ್ಷರು, ಬೇಸರವನ್ನು ಮುಚ್ಚಿಡದೆ.

“ಇಲ್ಲ ಅಧ್ಯಕ್ಷರೇ. ನನ್ನದು ಮುಗೀತು.”

ಸದನ ಬೆಚ್ಚಿತು. “ಮೈಕ್ ಕೆಟ್ಟೋಯ್ತೇನ್ರೀ?” ಎಂದು ಎದುರು ಸಾಲಿನಿಂದ ಯಾರೋ ಕೂಗಿದರು. ಗುಡುಗು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಕೂತರು. ಆಮೇಲೆ, ಮುಖ ತಿರುಗಿಸದೆ, ಮೇಜಿನ ಕೆಳಗಿನಿಂದ ಆ ಚೀಟಿಯನ್ನು ಮೌನಿಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು.